ಡಾಕ್ಟರ ಮಾತು, ಸರ್ಕಾರದ ಲೈಸೆನ್ಸು



ನಮ್ಮ ಕೂಟದ ಯಾವ ಹಬ್ಬದ ಊಟಕ್ಕೆ ಹೋದರೂ ಒಂದು ದೃಶ್ಯ ತಪ್ಪುವುದಿಲ್ಲ. ಬಿಸಿಬೇಳೆಬಾತಿನ ಪಾತ್ರೆಯ ಹತ್ತಿರ ತಟ್ಟೆ ಹಿಡಿದು ನಿಂತ ಡಾಕ್ಟರೊಬ್ಬರ ಸುತ್ತ ನಾಲ್ಕು ಜನ ಸೇರಿರುತ್ತಾರೆ. ಒಬ್ಬರಿಗೆ ಮಂಡಿ ನೋವು, ಇನ್ನೊಬ್ಬರಿಗೆ ಕೊಲೆಸ್ಟರಾಲು, ಮತ್ತೊಬ್ಬರಿಗೆ ಊರಿನಲ್ಲಿರುವ ತಾಯಿಯ ಸಕ್ಕರೆ ಕಾಯಿಲೆಯ ಚಿಂತೆ. ಪಾಪ, ತಟ್ಟೆಯಲ್ಲಿನ ಬಾತು ಆರಿ ಹೋಗುತ್ತಿದ್ದರೂ ಡಾಕ್ಟರು ಉತ್ತರ ಹೇಳುತ್ತಲೇ ಇರುತ್ತಾರೆ. ವೈದ್ಯನನ್ನು ನಾರಾಯಣನೆಂದು ಕರೆದ ನಾಡಿನಿಂದ ಬಂದವರು ನಾವು. ಡಾಕ್ಟರು ಹೇಳಿದರೆಂದರೆ ನಮ್ಮ ಪಾಲಿಗೆ ಅದರ ಮೇಲೆ ಅಪೀಲು ಇಲ್ಲ.

2021ರ ಮೇ ತಿಂಗಳ ಒಂದು ರಾತ್ರಿ ನಮಗೆ ಈ ನಂಬಿಕೆಯ ತೂಕ ಗೊತ್ತಾಯಿತು. ಬೆಂಗಳೂರಿನಲ್ಲಿ ಕೊರೋನಾದ ಎರಡನೇ ಅಲೆ. ಜಯನಗರದಲ್ಲಿರುವ ನಮ್ಮ ಚಿಕ್ಕಪ್ಪನಿಗೆ ಜ್ವರ ಬಂದು ಐದು ದಿನವಾಗಿತ್ತು. ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ರಾತ್ರಿ ಹನ್ನೊಂದು, ಅಲ್ಲಿ ಮಾರನೆಯ ದಿನದ ಹಗಲು. ಕೂಟದ ಸ್ನೇಹಿತರಾದ ಡಾಕ್ಟರೊಬ್ಬರನ್ನು ಫೋನಿನಲ್ಲಿ ಸೇರಿಸಿಕೊಂಡೆವು. ಚಿಕ್ಕಪ್ಪ ತಾವು ನುಂಗುತ್ತಿದ್ದ ಮಾತ್ರೆಗಳ ಪಟ್ಟಿ ಓದಿದರು. ಅದರಲ್ಲಿ ಐವರ್‌ಮೆಕ್ಟಿನ್ ಇತ್ತು.

"ಡಾಕ್ಟ್ರೇ, ನಿಮ್ಮ ಅಮೆರಿಕದಲ್ಲಿ ಇದನ್ನ ಬೇಡ ಅಂತಾರಂತೆ. ಇಲ್ಲಿ ಸರ್ಕಾರದ ಪಟ್ಟಿಯಲ್ಲೇ ಇದೆ. ಯಾರನ್ನ ನಂಬಲಿ?"

ಅವರು ಹೇಳಿದ್ದು ನಿಜ. ಆ ವರ್ಷದ ಏಪ್ರಿಲ್‌ನಲ್ಲಿ ಭಾರತದ ರಾಷ್ಟ್ರೀಯ ಚಿಕಿತ್ಸಾ ಸೂಚಿಯಲ್ಲಿ, ಮನೆಯಲ್ಲೇ ಇರುವ ರೋಗಿಗಳಿಗೆ ಬೇಕಾದರೆ ಕೊಡಬಹುದೆಂದು ಆ ಮಾತ್ರೆಯ ಹೆಸರಿತ್ತು. ಸೆಪ್ಟೆಂಬರ್‌ನಲ್ಲಿ ಅದನ್ನು ತೆಗೆದುಹಾಕಿದರು. ಇಲ್ಲಿ ಅಮೆರಿಕದ ಔಷಧ ನಿಯಂತ್ರಣ ಇಲಾಖೆ ಮಾರ್ಚ್‌ನಲ್ಲೇ ಕೊರೋನಾಗೆ ಅದನ್ನು ತೆಗೆದುಕೊಳ್ಳಬೇಡಿ ಎಂದು ಹೇಳಿತ್ತು. ಒಂದೇ ಮಾತ್ರೆ, ಎರಡು ಸರ್ಕಾರ, ಎರಡು ಮಾತು.

ನಮ್ಮ ಡಾಕ್ಟರು ಒಂದು ಕ್ಷಣ ಸುಮ್ಮನಿದ್ದು ಹೇಳಿದರು: "ಸಾರ್, ಆ ಮಾತ್ರೆ ಕೆಲಸ ಮಾಡುತ್ತೆ ಅನ್ನೋದಕ್ಕೆ ನನಗೆ ಆಧಾರ ಕಾಣ್ತಿಲ್ಲ. ನಿಮ್ಮ ಡಾಕ್ಟರು ಬರೆದಿರೋ ಪ್ರಮಾಣದಲ್ಲಿ ದೊಡ್ಡ ಅಪಾಯವೂ ಕಾಣ್ತಿಲ್ಲ. ಆದ್ರೆ ಅದನ್ನ ನಂಬ್ಕೊಂಡು ಕೂತ್ಕೋಬೇಡಿ. ನಾಲ್ಕು ಗಂಟೆಗೊಂದು ಸಲ ಬೆರಳಿಗೆ ಆಕ್ಸಿಮೀಟರ್ ಹಾಕಿ ನೋಡಿ. 94ಕ್ಕಿಂತ ಕೆಳಗೆ ಬಂದ್ರೆ ಮನೇಲಿ ಇರಬೇಡಿ."

ಮೂರನೆಯ ದಿನ 91ಕ್ಕೆ ಇಳಿಯಿತು. ಅವರನ್ನು ಆಸ್ಪತ್ರೆಗೆ ಸೇರಿಸಿದರು. ಹನ್ನೆರಡು ದಿನವಿದ್ದು ಮನೆಗೆ ಬಂದರು.

ಇದಾದ ಒಂದೂವರೆ ವರ್ಷಕ್ಕೆ, 2022ರ ಸೆಪ್ಟೆಂಬರ್ 30ರಂದು, ನಮ್ಮ ರಾಜ್ಯದ ಗವರ್ನರ್ ಗ್ಯಾವಿನ್ ನ್ಯೂಸಮ್ ಎಬಿ 2098 ಎಂಬ ಮಸೂದೆಗೆ ಸಹಿ ಹಾಕಿದರು. ಕೊರೋನಾ ವಿಷಯದಲ್ಲಿ ತನ್ನ ರೋಗಿಗೆ ತಪ್ಪು ಮಾಹಿತಿ ಕೊಡುವ ಡಾಕ್ಟರ ಮೇಲೆ ಮೆಡಿಕಲ್ ಬೋರ್ಡ್ ಶಿಸ್ತುಕ್ರಮ ತೆಗೆದುಕೊಳ್ಳಬಹುದು ಎಂಬುದು ಅದರ ಸಾರ. ಆ ವರ್ಷದ ದೀಪಾವಳಿ ಊಟದಲ್ಲಿ ಇದೇ ಮಾತು. ನಮ್ಮ ಆ ಡಾಕ್ಟರು ಹೇಳಿದರು: "ಅವತ್ತು ನಿಮ್ಮ ಚಿಕ್ಕಪ್ಪ ನನ್ನ ರೋಗಿಯಾಗಿದ್ದು, ಈ ಕಾನೂನೂ ಇದ್ದಿದ್ರೆ, 'ದೊಡ್ಡ ಅಪಾಯ ಕಾಣ್ತಿಲ್ಲ' ಅನ್ನೋಕೆ ಮುಂಚೆ ನಾನು ವಕೀಲರನ್ನ ಕೇಳಬೇಕಿತ್ತೇನೋ." ಪಕ್ಕದಲ್ಲಿದ್ದ ಇನ್ನೊಬ್ಬ ಡಾಕ್ಟರು, ಎರಡು ವರ್ಷ ಐಸಿಯುನಲ್ಲಿ ದುಡಿದವರು, ತಟ್ಟೆ ಕೆಳಗಿಟ್ಟರು. "ಲಸಿಕೆ ಬೇಡ ಅಂತ ಡಾಕ್ಟರೇ ಹೇಳಿದ್ರು ಅಂತ ನಂಬಿ ಬಂದವರ ಕಣ್ಣು ನಾನು ಮುಚ್ಚಿದೀನಿ. ಅಂಥವರ ಲೈಸೆನ್ಸ್ ಕಿತ್ಕೊಂಡ್ರೆ ತಪ್ಪೇನು?"

ಇಬ್ಬರೂ ನಮಗೆ ಬೇಕಾದವರು, ಇಬ್ಬರ ಕೈಗೂ ನಮ್ಮ ಪ್ರಾಣ ಒಪ್ಪಿಸುವಷ್ಟು ನಂಬಿಕೆ. ಯಾರ ಮಾತು ಸರಿ? ನಾವು ಡಾಕ್ಟರೂ ಅಲ್ಲ, ವಕೀಲರೂ ಅಲ್ಲ. ಆದರೆ ಲೈಬ್ರರಿಯಲ್ಲಿ ಕುಳಿತು ಓದುತ್ತ ಹೋದಾಗ, ಈ ಜಗಳ ಕೊರೋನಾದೊಂದಿಗೆ ಹುಟ್ಟಿದ್ದಲ್ಲ, ಈ ದೇಶದಲ್ಲಿ ನೂರು ವರ್ಷಕ್ಕೂ ಹಳೆಯದು ಎಂದು ತಿಳಿಯಿತು. ಓದಿದ್ದನ್ನು ನಿಮ್ಮೊಂದಿಗೆ ಹಂಚಿಕೊಳ್ಳುತ್ತೇವೆ.

ಲೈಸೆನ್ಸು ಬಂದ ಬಗೆ

ಹತ್ತೊಂಬತ್ತನೆಯ ಶತಮಾನದ ಬಹುಕಾಲ ಅಮೆರಿಕದಲ್ಲಿ ಯಾರು ಬೇಕಾದರೂ ಬೋರ್ಡು ತಗುಲಿಸಿಕೊಂಡು ಡಾಕ್ಟರಾಗಬಹುದಿತ್ತು. ಆಮೇಲೆ ಒಂದೊಂದೇ ರಾಜ್ಯ ಲೈಸೆನ್ಸ್ ಕಾನೂನು ತಂದಿತು. ವೆಸ್ಟ್ ವರ್ಜೀನಿಯಾದಲ್ಲಿ ಫ್ರಾಂಕ್ ಡೆಂಟ್ ಎಂಬಾತನಿಗೆ ಬೋರ್ಡು ಲೈಸೆನ್ಸ್ ಕೊಡಲಿಲ್ಲ. ಆತ ಓದಿದ್ದು ಗಿಡಮೂಲಿಕೆಗಳಿಗೆ ಹೆಚ್ಚು ಒತ್ತು ಕೊಡುತ್ತಿದ್ದ ಎಕ್ಲೆಕ್ಟಿಕ್ ಪಂಥದ ಕಾಲೇಜಿನಲ್ಲಿ. ತಾನು ವರ್ಷಗಳಿಂದ ಮಾಡುತ್ತಿದ್ದ ವೃತ್ತಿಯನ್ನು ಸರ್ಕಾರ ಕಸಿಯುತ್ತಿದೆ ಎಂದು ಡೆಂಟ್ ಸುಪ್ರೀಂ ಕೋರ್ಟಿನವರೆಗೆ ಹೋಗಿ 1889ರಲ್ಲಿ ಸೋತ. ಜನರ ಪ್ರಾಣದ ಜೊತೆ ವ್ಯವಹರಿಸುವವರಿಗೆ ಅರ್ಹತೆ ಗೊತ್ತುಮಾಡುವ ಅಧಿಕಾರ ರಾಜ್ಯಕ್ಕಿದೆ ಎಂದು ಕೋರ್ಟು ಹೇಳಿತು.

ಇದು ನ್ಯಾಯವಾದ ತೀರ್ಪೇ. ಯಾರೋ ಅಳಲೆಕಾಯಿ ಪಂಡಿತನ ಕೈಗೆ ನಮ್ಮ ಮಕ್ಕಳನ್ನು ಕೊಡಲು ನಾವು ಯಾರೂ ಒಪ್ಪುವುದಿಲ್ಲ. ಆದರೆ ಇದರ ಜೊತೆಗೇ ಇನ್ನೊಂದು ಸಂಗತಿಯೂ ಹುಟ್ಟಿತು. ಲೈಸೆನ್ಸ್ ಕೊಟ್ಟ ಕೈಗೆ ಕಿತ್ತುಕೊಳ್ಳುವ ಶಕ್ತಿಯೂ ಬಂತು. ಡಾಕ್ಟರ ವೃತ್ತಿಯಲ್ಲಿ ಚಾಕು ಸೂಜಿಗಳು ಸ್ವಲ್ಪ, ಮಾತೇ ಹೆಚ್ಚು: ಏನಾಗಿದೆ, ಏನು ಮಾಡಬಹುದು, ಏನು ಬೇಡ. ವೃತ್ತಿಯನ್ನು ನಿಯಂತ್ರಿಸಬಲ್ಲ ಸರ್ಕಾರ ಆ ಮಾತನ್ನೂ ನಿಯಂತ್ರಿಸಬಹುದೇ? 1791ರ ಮೊದಲನೇ ತಿದ್ದುಪಡಿ ವಾಕ್ ಸ್ವಾತಂತ್ರ್ಯ ಕೊಟ್ಟಿದೆ. ಆದರೆ ಬಿಳಿ ಕೋಟು ತೊಟ್ಟಾಗ ಆ ಸ್ವಾತಂತ್ರ್ಯ ಎಷ್ಟು ಉಳಿಯುತ್ತದೆ ಎಂಬುದಕ್ಕೆ ಉತ್ತರ ಬಹುಕಾಲ ಯಾರಿಗೂ ಸ್ಪಷ್ಟವಿರಲಿಲ್ಲ.

ಅಂಚೆಯಲ್ಲಿ ಹೋಗಬಾರದ ಮಾತು

1873ರಲ್ಲಿ ಅಮೆರಿಕದ ಸಂಸತ್ತು ಕಾಮ್‌ಸ್ಟಾಕ್ ಕಾಯಿದೆ ಮಾಡಿತು. ಅಶ್ಲೀಲ ಸಾಹಿತ್ಯವನ್ನು ಅಂಚೆಯಲ್ಲಿ ಕಳುಹಿಸುವುದು ಅಪರಾಧ ಎನ್ನುವ ಈ ಕಾಯಿದೆಯ ಅಶ್ಲೀಲದ ಪಟ್ಟಿಯಲ್ಲಿ ಗರ್ಭನಿರೋಧದ ಸಾಧನಗಳೂ ಅದರ ಬಗ್ಗೆ ತಿಳುವಳಿಕೆ ಕೊಡುವ ಬರಹಗಳೂ ಸೇರಿದ್ದವು. ಹಲವು ರಾಜ್ಯಗಳು ಇನ್ನೂ ಬಿಗಿಯಾದ ಕಾನೂನು ಮಾಡಿದವು. ನ್ಯೂಯಾರ್ಕಿನ ಡಾಕ್ಟರ್ ಎಡ್ವರ್ಡ್ ಬ್ಲಿಸ್ ಫೂಟ್ ವಿವಾಹಿತರಿಗಾಗಿ ಬರೆದ ಕಿರುಪುಸ್ತಕವನ್ನು ಅಂಚೆಯಲ್ಲಿ ಕಳುಹಿಸಿದ್ದಕ್ಕೆ 1876ರಲ್ಲಿ ತಪ್ಪಿತಸ್ಥರೆನಿಸಿ ದಂಡ ತೆತ್ತರು. ಎಂಟು ಹೆತ್ತು ಸೊರಗಿದ ತಾಯಿಗೆ ಒಂಬತ್ತನೆಯದನ್ನು ತಡೆಯುವುದು ಹೇಗೆಂದು ಡಾಕ್ಟರು ಕಾಗದ ಬರೆದರೂ ಜೈಲಿನ ಭಯ.

ಇಲ್ಲಿ ನಮ್ಮ ಊರಿನ ಒಂದು ಹೆಮ್ಮೆಯ ಸಂಗತಿ ಹೇಳಲೇಬೇಕು. ಅಮೆರಿಕದಲ್ಲಿ ಈ ಕಾಯಿದೆ ಇನ್ನೂ ಜಾರಿಯಲ್ಲಿದ್ದ 1930ರಲ್ಲಿ ಮೈಸೂರು ಸಂಸ್ಥಾನದ ಸರ್ಕಾರ ಬೆಂಗಳೂರು ಮತ್ತು ಮೈಸೂರಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಕ್ಲಿನಿಕ್ ತೆರೆಯಲು ಅಪ್ಪಣೆ ಕೊಟ್ಟಿತು. ಸರ್ಕಾರವೇ ನಡೆಸಿದ ಇಂಥ ಕ್ಲಿನಿಕ್‌ಗಳಲ್ಲಿ ಜಗತ್ತಿನಲ್ಲೇ ಮೊದಲಿನವೆಂದು ಇವನ್ನು ಹೇಳುತ್ತಾರೆ. ನ್ಯೂಯಾರ್ಕಿನ ಡಾಕ್ಟರು ಕಾಗದದಲ್ಲಿ ಬರೆಯಲು ಅಂಜುತ್ತಿದ್ದ ಮಾತನ್ನು ಬೆಂಗಳೂರಿನ ಡಾಕ್ಟರು ಸರ್ಕಾರದ ಸಂಬಳ ಪಡೆದು ಹೇಳಬಹುದಿತ್ತು.

ಅಮೆರಿಕದಲ್ಲಿ ಗಂಟು ಸಡಿಲವಾಗಲು ಒಂದು ಪೊಟ್ಟಣ ಬೇಕಾಯಿತು. ಡಾಕ್ಟರ್ ಹನ್ನಾ ಸ್ಟೋನ್ ಅವರಿಗೆ ಜಪಾನಿನ ವೈದ್ಯರೊಬ್ಬರು ಕಳುಹಿಸಿದ ಗರ್ಭನಿರೋಧಕಗಳ ಪೊಟ್ಟಣವನ್ನು ಸುಂಕದವರು ಹಿಡಿದರು. 1936ರಲ್ಲಿ ನ್ಯೂಯಾರ್ಕಿನ ಫೆಡರಲ್ ಅಪೀಲು ಕೋರ್ಟು, ಜವಾಬ್ದಾರಿಯುತ ವೈದ್ಯರು ರೋಗಿಯ ಹಿತಕ್ಕಾಗಿ ಬಳಸುವುದನ್ನು ಈ ಕಾಯಿದೆ ತಡೆಯಲಾರದು ಎಂದಿತು. ಆದರೂ ಕನೆಕ್ಟಿಕಟ್ ರಾಜ್ಯದ 1879ರ ಕಾನೂನು ಉಳಿದೇ ಇತ್ತು. 1961ರಲ್ಲಿ ಯೇಲ್ ವಿಶ್ವವಿದ್ಯಾಲಯದ ವೈದ್ಯ ಪ್ರಾಧ್ಯಾಪಕ ಲೀ ಬಕ್ಸ್‌ಟನ್ ಮತ್ತು ಎಸ್ಟೆಲ್ ಗ್ರಿಸ್ವೋಲ್ಡ್ ನ್ಯೂಹೇವನ್‌ನಲ್ಲಿ ಕ್ಲಿನಿಕ್ ತೆರೆದು ದಂಪತಿಗಳಿಗೆ ಸಲಹೆ ಕೊಟ್ಟರು. ಇಬ್ಬರನ್ನೂ ಬಂಧಿಸಿ ತಲಾ 100 ಡಾಲರ್ ದಂಡ ಹಾಕಿದರು. 1965ರಲ್ಲಿ ಸುಪ್ರೀಂ ಕೋರ್ಟು ಆ ಕಾನೂನನ್ನೇ ರದ್ದುಮಾಡಿತು. ಅಲ್ಲಿಗೆ 92 ವರ್ಷವಾಗಿತ್ತು.

ಮೇಕೆ ಡಾಕ್ಟರ ಕಥೆ

ಇಷ್ಟು ಓದಿ, ಸರ್ಕಾರ ಡಾಕ್ಟರ ಮಾತಿನ ತಂಟೆಗೇ ಹೋಗಬಾರದು ಎಂದು ನೀವು ತೀರ್ಮಾನಿಸುವ ಮುನ್ನ ಇನ್ನೊಂದು ಕಥೆ ಕೇಳಿ. ಐಸಿಯು ಡಾಕ್ಟರ ಪಕ್ಷದ ಕಥೆ ಇದು.

ಕ್ಯಾನ್ಸಸ್ ರಾಜ್ಯದ ಮಿಲ್‌ಫರ್ಡ್ ಎಂಬ ಪುಟ್ಟ ಊರಿನಲ್ಲಿ ಜಾನ್ ಬ್ರಿಂಕ್ಲಿ ಎಂಬ ಡಾಕ್ಟರನಿದ್ದ. ಮೇಕೆಯ ವೃಷಣವನ್ನು ಗಂಡಸರಿಗೆ ಹೊಲಿದು, ಕಳೆದುಹೋದ ಯೌವನ ಮರಳುತ್ತದೆ ಎಂದು ಹೇಳಿ 750 ಡಾಲರ್ ವಸೂಲು ಮಾಡುತ್ತಿದ್ದ. 1923ರಲ್ಲಿ ಸ್ವಂತ ರೇಡಿಯೋ ಕೇಂದ್ರ ಶುರುಮಾಡಿದ. ಜನ ಬರೆದ ಕಾಗದಗಳನ್ನು ಮೈಕಿನ ಮುಂದೆ ಓದಿ, ಮುಖವನ್ನೇ ನೋಡದ ರೋಗಿಗಳಿಗೆ "ಇಂಥ ನಂಬರಿನ ಔಷಧ ತೆಗೆದುಕೊಳ್ಳಿ" ಎಂದು ಹೇಳುತ್ತಿದ್ದ. ಆ ನಂಬರಿನ ಔಷಧ ಅವನೊಂದಿಗೆ ಒಪ್ಪಂದವಿದ್ದ ಅಂಗಡಿಗಳಲ್ಲಿ ಮಾತ್ರ ಸಿಗುತ್ತಿತ್ತು, ಮಾರಿದ ಪ್ರತಿ ಸೀಸೆಗೂ ಅವನಿಗೆ ಪಾಲು.

"ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ" ಎಂಬ ನಮ್ಮ ಗಾದೆಗೆ ಇದಕ್ಕಿಂತ ಕೆಟ್ಟ ಉದಾಹರಣೆ ಸಿಕ್ಕಲಾರದು. 1930ರಲ್ಲಿ ಕ್ಯಾನ್ಸಸ್ ಮೆಡಿಕಲ್ ಬೋರ್ಡ್ ವಿಚಾರಣೆ ನಡೆಸಿತು. 40ಕ್ಕೂ ಹೆಚ್ಚು ಮರಣಪತ್ರಗಳಿಗೆ ಬ್ರಿಂಕ್ಲಿಯೇ ಸಹಿ ಹಾಕಿದ್ದು ಹೊರಬಿತ್ತು. ಲೈಸೆನ್ಸ್ ಹೋಯಿತು. ರೇಡಿಯೋ ಕೇಂದ್ರದ ಪರವಾನಗಿಯೂ ಹೋಯಿತು. ಇದು ಮಾತಿಗೆ ಹಾಕಿದ ಕತ್ತರಿ ಎಂದು ಅವನು ಅಪೀಲು ಹೋದ. 1931ರಲ್ಲಿ ಕೋರ್ಟು ಒಪ್ಪಲಿಲ್ಲ: ಮುಂದೆ ಏನು ಹೇಳಬಾರದೆಂದು ಯಾರೂ ಕಟ್ಟುಪಾಡು ಹಾಕುತ್ತಿಲ್ಲ, ಹಿಂದೆ ಮಾಡಿದ್ದನ್ನು ನೋಡಿ ಪರವಾನಗಿ ನಿರಾಕರಿಸಲಾಗಿದೆ ಎಂದಿತು. ಆದರೂ ಜನ ಅವನನ್ನು ಬಿಡಲಿಲ್ಲ. ಲೈಸೆನ್ಸ್ ಹೋದ ವರ್ಷವೇ ಗವರ್ನರ್ ಚುನಾವಣೆಗೆ ನಿಂತಾಗ, ಮತಪತ್ರದಲ್ಲಿ ಅವನ ಹೆಸರು ಅಚ್ಚಾಗದಿದ್ದರೂ ಕೈಯಿಂದ ಬರೆದು 1,80,000ಕ್ಕೂ ಹೆಚ್ಚು ಜನ ಮತ ಹಾಕಿದರು. ಅವನು ಗಡಿಗೆ ಹೋಗಿ, ಮೆಕ್ಸಿಕೋದ ಕಡೆ ಇನ್ನೂ ಶಕ್ತಿಶಾಲಿಯಾದ ಕೇಂದ್ರ ಕಟ್ಟಿ ಅಲ್ಲಿಂದ ಮಾತಾಡಿದ. ಕೊನೆಗೆ 1939ರಲ್ಲಿ, ತನ್ನನ್ನು ಕಪಟಿ ಎಂದು ಬರೆದ ಮಾರಿಸ್ ಫಿಶ್‌ಬೈನ್ ಎಂಬ ವೈದ್ಯ ಸಂಪಾದಕರ ಮೇಲೆ ತಾನೇ ಹೂಡಿದ ಮಾನನಷ್ಟ ಮೊಕದ್ದಮೆಯಲ್ಲಿ ಸೋತು ನೆಲಕಚ್ಚಿದ.

ಗಮನಿಸಿ: ಬ್ರಿಂಕ್ಲಿಯನ್ನು ಹಿಡಿಯಲು ವೈದ್ಯರ ಅಭಿಪ್ರಾಯಗಳ ಮೇಲೆ ಹೊಸ ಕಾನೂನು ಬೇಕಾಗಲಿಲ್ಲ. ಮೋಸ, ಅಯೋಗ್ಯ ಚಿಕಿತ್ಸೆ, ಸತ್ತ ರೋಗಿಗಳ ಲೆಕ್ಕ, ಇವೇ ಸಾಕಾದವು. ಅವನನ್ನು ಮುಗಿಸಿದ್ದು ಮಾತಾಡುವ ಧೈರ್ಯವಿದ್ದ ಇನ್ನೊಬ್ಬ ಡಾಕ್ಟರು.

ಒಂದು ಹಗ್ಗ, ಹಲವು ಕೈ

ನಮ್ಮಲ್ಲಿ ಅನೇಕರು ಈ ದೇಶಕ್ಕೆ ಬಂದಿಳಿದ ಕಾಲಕ್ಕೆ ಈಗ ಬರೋಣ. ಇಲ್ಲಿಂದ ಮುಂದೆ ಹಗ್ಗ ಒಂದೇ, ಎಳೆಯುವ ಕೈಗಳು ಬೇರೆ ಬೇರೆ.

ಮೊದಲನೆಯದು 1991ರ ರಸ್ಟ್ ಮೊಕದ್ದಮೆ. ಕೇಂದ್ರ ಸರ್ಕಾರದ ಹಣ ಪಡೆಯುವ ಕುಟುಂಬ ಯೋಜನಾ ಕ್ಲಿನಿಕ್‌ಗಳಲ್ಲಿ ಗರ್ಭಪಾತದ ಬಗ್ಗೆ ಸಲಹೆ ಕೊಡಬಾರದೆಂದು 1988ರಲ್ಲಿ ನಿಯಮ ಬಂದಿತ್ತು. ಸುಪ್ರೀಂ ಕೋರ್ಟು 5ಕ್ಕೆ 4ರಂತೆ ಅದನ್ನು ಎತ್ತಿಹಿಡಿಯಿತು. ಹಣ ಕೊಡುವವನು ಆ ಹಣ ಯಾವುದಕ್ಕೆಂದು ಹೇಳಬಹುದು ಎಂಬುದು ವಾದ. 1993ರಲ್ಲಿ ಸರ್ಕಾರ ಬದಲಾಯಿತು, ನಿಯಮವೂ ಹೋಯಿತು. ಚುನಾವಣೆಯೊಂದಿಗೆ ಡಾಕ್ಟರ ಮಾತೂ ಬದಲಾಗಬೇಕಾದ ಪರಿಸ್ಥಿತಿ.

ಎರಡನೆಯದು ನಮ್ಮ ಕ್ಯಾಲಿಫೋರ್ನಿಯಾದ್ದೇ. 1996ರ ನವೆಂಬರ್‌ನಲ್ಲಿ, ಡಾಕ್ಟರು ಶಿಫಾರಸು ಮಾಡಿದರೆ ರೋಗಿಗಳು ಗಾಂಜಾ ಬಳಸಬಹುದೆಂದು ಇಲ್ಲಿನ ಮತದಾರರು ತೀರ್ಮಾನಿಸಿದರು. ಡಿಸೆಂಬರ್ 30ರಂದು ಫೆಡರಲ್ ಸರ್ಕಾರದ ಎಚ್ಚರಿಕೆ ಬಂತು: ಹಾಗೆ ಶಿಫಾರಸು ಮಾಡುವ ಡಾಕ್ಟರಿಗೆ ಔಷಧ ಬರೆಯುವ ಫೆಡರಲ್ ಅನುಮತಿ ತಪ್ಪಿಸುತ್ತೇವೆ, ಮೆಡಿಕೇರ್‌ನಿಂದ ಹೊರಹಾಕುತ್ತೇವೆ. ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಏಡ್ಸ್ ರೋಗಿಗಳನ್ನು ನೋಡುತ್ತಿದ್ದ ಡಾಕ್ಟರ್ ಮಾರ್ಕಸ್ ಕೊನಾಂಟ್ ಮತ್ತಿತರರು ಕೋರ್ಟಿಗೆ ಹೋದರು. ಊಟ ಸೇರದೆ ಮೂಳೆ ಚರ್ಮವಾಗಿದ್ದ ರೋಗಿ "ಇದರಿಂದ ನನಗೆ ಹಸಿವಾದೀತೇ?" ಎಂದು ಕೇಳಿದರೆ ಡಾಕ್ಟರು ಗೋಡೆ ನೋಡಬೇಕೇ?

2002ರ ಅಕ್ಟೋಬರ್‌ನಲ್ಲಿ ಒಂಬತ್ತನೇ ಸರ್ಕಿಟ್ ಅಪೀಲು ಕೋರ್ಟು ಡಾಕ್ಟರ ಪರ ತೀರ್ಪಿತ್ತಿತು. ಗಾಂಜಾ ಒದಗಿಸುವುದು, ಪಡೆಯಲು ನೆರವಾಗುವುದು ಬೇರೆ. ತನಗೆ ಸರಿ ಕಂಡ ವೈದ್ಯಕೀಯ ಅಭಿಪ್ರಾಯವನ್ನು ರೋಗಿಗೆ ಹೇಳುವುದು ಬೇರೆ. ಎರಡನೆಯದಕ್ಕೆ ಶಿಕ್ಷೆ ಕೂಡದು. ನ್ಯಾಯಾಧೀಶ ಅಲೆಕ್ಸ್ ಕೊಜಿನ್ಸ್‌ಕಿ ಪ್ರತ್ಯೇಕವಾಗಿ ಬರೆದ ಮಾತು ನಮ್ಮ ಮನಸ್ಸಿನಲ್ಲಿ ಉಳಿಯಿತು. ಅದರ ಭಾವ ಇಷ್ಟು: ಡಾಕ್ಟರಿಗೆ ಈ ಮಾತಾಡಿ ಆಗುವ ಲಾಭ ಅಲ್ಪ, ಕಳೆದುಕೊಳ್ಳುವುದು ಬಹಳ, ಆದ್ದರಿಂದ ಸ್ವಲ್ಪ ಹೆದರಿಸಿದರೂ ಸುಮ್ಮನಾಗುತ್ತಾರೆ, ನಿಜವಾದ ನಷ್ಟ ಕೇಳಿಸಿಕೊಳ್ಳಬೇಕಾಗಿದ್ದ ರೋಗಿಗೆ. 2003ರಲ್ಲಿ ಸುಪ್ರೀಂ ಕೋರ್ಟು ಸರ್ಕಾರದ ಅಪೀಲನ್ನು ಕೈಗೆತ್ತಿಕೊಳ್ಳಲಿಲ್ಲ.

ಮೂರನೆಯದು ಫ್ಲಾರಿಡಾದ್ದು. ಇಲ್ಲಿ ಮಕ್ಕಳನ್ನು ಬೆಳೆಸಿದವರಿಗೆ ಗೊತ್ತು, ಮಕ್ಕಳ ಡಾಕ್ಟರು ಕಾರ್ ಸೀಟು ಇದೆಯೇ, ಮನೆಯಲ್ಲಿ ಈಜುಕೊಳವಿದೆಯೇ, ಬಂದೂಕವಿದೆಯೇ ಎಂದೆಲ್ಲ ಕೇಳುತ್ತಾರೆ. ಮೊದಲ ಸಲ ಕೇಳಿದಾಗ "ಇದೇನಪ್ಪ, ಪೊಲೀಸರ ಹಾಗೆ" ಎಂದು ನಾವೂ ಬೆಚ್ಚಿದ್ದೆವು. ಫ್ಲಾರಿಡಾದಲ್ಲಿ ಕೆಲವರಿಗೆ ಕೋಪವೇ ಬಂತು. ಬಂದೂಕಿನ ಬಗ್ಗೆ ಅನಗತ್ಯವಾಗಿ ಕೇಳುವ ಡಾಕ್ಟರಿಗೆ 10,000 ಡಾಲರ್‌ವರೆಗೆ ದಂಡ, ಲೈಸೆನ್ಸ್‌ಗೂ ಸಂಚಕಾರ ಎಂದು 2011ರಲ್ಲಿ ಅಲ್ಲಿ ಕಾನೂನಾಯಿತು. ಡಾಕ್ಟರುಗಳು ಆರು ವರ್ಷ ಹೋರಾಡಿದರು. 2017ರ ಫೆಬ್ರವರಿಯಲ್ಲಿ ಹನ್ನೊಂದನೇ ಸರ್ಕಿಟ್ಟಿನ ಪೂರ್ಣ ಪೀಠ, ಕೇಳಬಾರದು ಬರೆದಿಡಬಾರದು ಎಂಬ ಮುಖ್ಯ ಭಾಗಗಳನ್ನು ರದ್ದುಮಾಡಿತು.

2018ರಲ್ಲಿ ಮತ್ತೆ ಕ್ಯಾಲಿಫೋರ್ನಿಯಾ. ಗರ್ಭಪಾತವನ್ನು ವಿರೋಧಿಸುವ ಗರ್ಭಿಣಿ ಕೇಂದ್ರಗಳ ಗೋಡೆಯ ಮೇಲೆ, ಸರ್ಕಾರದಿಂದ ಕಡಿಮೆ ಖರ್ಚಿನ ಗರ್ಭಪಾತ ಸೇವೆ ಸಿಗುತ್ತದೆ ಎಂಬ ನೋಟೀಸು ಹಾಕಬೇಕೆಂದು ರಾಜ್ಯ ಕಟ್ಟಳೆ ಮಾಡಿತ್ತು. ಸುಪ್ರೀಂ ಕೋರ್ಟು 5ಕ್ಕೆ 4ರಂತೆ ಅದನ್ನು ತಡೆಯಿತು. ವೃತ್ತಿಪರರ ಮಾತು ಎಂದ ಮಾತ್ರಕ್ಕೆ ಅದಕ್ಕೆ ಕಡಿಮೆ ರಕ್ಷಣೆ ಎನ್ನಲಾಗದು, ಆದರೆ ಚಿಕಿತ್ಸೆ ಎಂಬ ಕ್ರಿಯೆಯನ್ನು ನಿಯಂತ್ರಿಸುವಾಗ ಮಾತಿಗೆ ತಾಗಿದರೆ ಅದು ಬೇರೆ ಎಂದಿತು. ಶಸ್ತ್ರಚಿಕಿತ್ಸೆಗೆ ಮುಂಚೆ ಅಪಾಯ ತಿಳಿಸಿ ಒಪ್ಪಿಗೆ ಪಡೆಯಬೇಕೆಂಬ ನಿಯಮ, ತಪ್ಪು ಚಿಕಿತ್ಸೆಗೆ ಪರಿಹಾರದ ದಾವೆ, ಇವೆಲ್ಲ ಹಾಗೆಯೇ ಉಳಿದವು.

ಈ ನಾಲ್ಕನ್ನೂ ಒಟ್ಟಿಗೆ ಇಟ್ಟು ನೋಡಿ. ಗರ್ಭಪಾತದ ಮಾತು ಬೇಡ ಎಂದವರು ಒಂದು ಪಕ್ಷ, ಗರ್ಭಪಾತದ ನೋಟೀಸು ಹಾಕಲೇಬೇಕೆಂದವರು ಇನ್ನೊಂದು. ಗಾಂಜಾದ ವಿಷಯದಲ್ಲಿ ಹೆದರಿಸಿದ್ದು ಕ್ಲಿಂಟನ್ ಸರ್ಕಾರ, ಅದನ್ನೇ ಮುಂದುವರಿಸಿದ್ದು ಬುಷ್ ಸರ್ಕಾರ. ಬಂದೂಕಿನ ಮಾತು ಬೇಡ ಎಂದದ್ದು ಫ್ಲಾರಿಡಾದ ರಿಪಬ್ಲಿಕನ್ನರು. ಎಲ್ಲರಿಗೂ ತಾವು ಮಾಡುತ್ತಿರುವುದು ಜನರ ಹಿತಕ್ಕೆ ಎಂಬ ನಂಬಿಕೆ. ನಾವು ಮೆಚ್ಚುವ ಸರ್ಕಾರದ ಕೈಗೆ ಕೊಟ್ಟ ಹಗ್ಗ ನಾಲ್ಕು ವರ್ಷಕ್ಕೆ ನಾವು ಮೆಚ್ಚದವರ ಕೈಗೂ ಹೋಗುತ್ತದೆ.

ಕೊರೋನಾ ಬಂದಾಗ

ಹೊಸ ರೋಗದ ಮುಂದೆ ಮಾತಿಗೆ ಎಷ್ಟು ಬೆಲೆ ಎಂಬುದನ್ನು ಜಗತ್ತು ಮೊದಲು ನೋಡಿದ್ದು ಚೀನಾದ ವೂಹಾನಿನಲ್ಲಿ. ಡಾಕ್ಟರ್ ಲಿ ವೆನ್‌ಲಿಯಾಂಗ್ 2019ರ ಡಿಸೆಂಬರ್ 30ರಂದು ಸಹಪಾಠಿ ವೈದ್ಯರಿಗೆ, ವಿಚಿತ್ರ ಸೋಂಕು ಕಾಣುತ್ತಿದೆ, ಜೋಪಾನ ಎಂದು ಸಂದೇಶ ಕಳುಹಿಸಿದರು. ಜನವರಿ 3ರಂದು ಪೊಲೀಸರು ಕರೆಸಿ, ಸುಳ್ಳು ಹಬ್ಬಿಸಿದೆ ಎಂಬ ಕಾಗದಕ್ಕೆ ಸಹಿ ಹಾಕಿಸಿಕೊಂಡರು. ಫೆಬ್ರವರಿ 7ರಂದು ಅವರು ಅದೇ ಸೋಂಕಿನಿಂದ ತೀರಿಕೊಂಡರು. ಅಂದಿನ ಮಟ್ಟಿಗೆ ಅಧಿಕೃತ ತಿಳುವಳಿಕೆಯ ಪ್ರಕಾರ ಅವರ ಮಾತು 'ತಪ್ಪು ಮಾಹಿತಿ'.

ಅಮೆರಿಕ ಚೀನಾ ಅಲ್ಲ, ನಿಜ. ಆದರೆ ಇಲ್ಲಿಯೂ ತಿಳುವಳಿಕೆ ತಿಂಗಳಿಗೊಮ್ಮೆ ಬದಲಾಗುತ್ತಿತ್ತು. 2020ರ ಫೆಬ್ರವರಿ ಕೊನೆಯಲ್ಲಿ ದೇಶದ ಸರ್ಜನ್ ಜನರಲ್ ಜನಸಾಮಾನ್ಯರಿಗೆ ಮಾಸ್ಕ್ ಕೊಳ್ಳಬೇಡಿ ಎಂದರು. ಏಪ್ರಿಲ್ 3ರಂದು ಎಲ್ಲರೂ ಬಟ್ಟೆಯ ಮಾಸ್ಕ್ ಕಟ್ಟಿಕೊಳ್ಳಿ ಎಂಬ ಸಲಹೆ ಬಂತು. ನಮ್ಮ ಕೂಟದ ಹೆಂಗಸರು ಹಳೆಯ ಸೀರೆ ಕತ್ತರಿಸಿ ಮಾಸ್ಕ್ ಹೊಲಿದು ಹಂಚಿದ್ದು ನಿಮಗೆ ನೆನಪಿರಬಹುದು.

ಇನ್ನೊಂದು ಕಡೆ ನಿಜವಾದ ಸುಳ್ಳುಗಳೂ ಹರಿದವು. ಲಸಿಕೆಯಿಂದ ಮೈಗೆ ಲೋಹ ಅಂಟುತ್ತದೆ, ವಂಶವಾಹಿ ಬದಲಾಗುತ್ತದೆ ಎಂದು ಹೇಳಿದವರಲ್ಲಿ ಲೈಸೆನ್ಸ್ ಇದ್ದ ಡಾಕ್ಟರುಗಳೂ ಇದ್ದರು. 2021ರ ಜುಲೈನಲ್ಲಿ ರಾಜ್ಯ ಮೆಡಿಕಲ್ ಬೋರ್ಡ್‌ಗಳ ಒಕ್ಕೂಟ, ಲಸಿಕೆಯ ಬಗ್ಗೆ ತಪ್ಪು ಮಾಹಿತಿ ಹರಡಿದರೆ ಲೈಸೆನ್ಸ್‌ಗೆ ಕುತ್ತು ಬಂದೀತು ಎಂದು ಎಚ್ಚರಿಸಿತು. ಈ ಹಿನ್ನೆಲೆಯಲ್ಲಿ ನಮ್ಮ ಕಣಿವೆಯ ಅಂದಿನ ಪ್ರತಿನಿಧಿ ಎವನ್ ಲೋ ಮಂಡಿಸಿದ್ದೇ ಎಬಿ 2098. ರಾಜ್ಯದ ವೈದ್ಯರ ಸಂಘವೂ ಅದನ್ನು ಬೆಂಬಲಿಸಿತು. 2023ರ ಜನವರಿ 1ಕ್ಕೆ ಜಾರಿಗೆ ಬಂತು.

ಅದರ ಪ್ರಕಾರ 'ತಪ್ಪು ಮಾಹಿತಿ' ಎಂದರೆ, ಸಮಕಾಲೀನ ವೈಜ್ಞಾನಿಕ ಒಮ್ಮತಕ್ಕೆ ವಿರುದ್ಧವಾದ, ಚಿಕಿತ್ಸೆಯ ಮಾನದಂಡಕ್ಕೆ ಹೊರತಾದ ಸುಳ್ಳು ಮಾಹಿತಿ. ಅನ್ವಯವಾಗುವುದು ಡಾಕ್ಟರು ತನ್ನ ರೋಗಿಗೆ ನೇರವಾಗಿ ಹೇಳಿದ ಮಾತಿಗೆ ಮಾತ್ರ. ವಿಪರ್ಯಾಸ ನೋಡಿ. ವಿಡಿಯೋ ಮಾಡಿ ಲಕ್ಷ ಜನರಿಗೆ ಹೇಳಿದವರಿಗೆ ಈ ಕಾನೂನು ತಾಗಲಿಲ್ಲ. ಬಾಗಿಲು ಮುಚ್ಚಿ ಒಬ್ಬ ರೋಗಿಯೊಂದಿಗೆ ಅಳೆದು ತೂಗಿ ಮಾತಾಡುವವರಿಗೆ ತಾಗಿತು.

ಐವರು ಡಾಕ್ಟರು ಸ್ಯಾಕ್ರಮೆಂಟೋದ ಫೆಡರಲ್ ಕೋರ್ಟಿಗೆ ಹೋದರು. ವಾಕ್ ಸ್ವಾತಂತ್ರ್ಯಕ್ಕೆ ಹೋರಾಡುವ ಎಸಿಎಲ್‌ಯು ಸಂಸ್ಥೆಯ ಇಲ್ಲಿನ ಶಾಖೆಗಳೂ ಕಾನೂನಿನ ವಿರುದ್ಧ ವಾದ ಸಲ್ಲಿಸಿದವು. ಡಿಸೆಂಬರ್ ಕೊನೆಯಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾದ ಒಬ್ಬ ನ್ಯಾಯಾಧೀಶರು ಇನ್ನೊಂದು ಮೊಕದ್ದಮೆಯಲ್ಲಿ ತಡೆ ಕೊಡಲು ಒಪ್ಪಿರಲಿಲ್ಲ. ಆದರೆ 2023ರ ಜನವರಿ 25ರಂದು ಸ್ಯಾಕ್ರಮೆಂಟೋದ ನ್ಯಾಯಾಧೀಶ ವಿಲಿಯಂ ಶುಬ್ ತಡೆಯಾಜ್ಞೆ ಕೊಟ್ಟರು. ಒಮ್ಮತ ಎಂದರೆ ಯಾರ ಒಮ್ಮತ, ಎಷ್ಟು ಜನರದು, ಯಾವ ದಿನದ್ದು, ಡಾಕ್ಟರು ಹೇಗೆ ತಿಳಿಯಬೇಕು ಎಂದು ಕೇಳಿದರು. ಆ ವ್ಯಾಖ್ಯೆಯ ವಾಕ್ಯ ವ್ಯಾಕರಣಕ್ಕೇ ಕೂಡಿಬರುವುದಿಲ್ಲ ಎಂದೂ ಬರೆದರು. (ಕನ್ನಡ ಶಾಲೆಯಲ್ಲಿ ವಾಕ್ಯ ತಿದ್ದುವ ನಮ್ಮ ಶಿಕ್ಷಕಿಯರಿಗೆ ಈ ತೀರ್ಪು ಬಹಳ ಹಿಡಿಸಿತು.) ಅದೇ ಸೆಪ್ಟೆಂಬರ್‌ನಲ್ಲಿ ಶಾಸನಸಭೆ ಎಸ್‌ಬಿ 815 ಎಂಬ ಇನ್ನೊಂದು ಮಸೂದೆಯೊಳಗೆ ಸೇರಿಸಿ ಈ ಕಾನೂನನ್ನು ಸದ್ದಿಲ್ಲದೆ ವಾಪಸು ಪಡೆಯಿತು. 2024ರ ಜನವರಿ 1ಕ್ಕೆ ಅದು ಇಲ್ಲವಾಯಿತು. ಬದುಕಿದ್ದು ಒಂದೇ ವರ್ಷ.

ಐಸಿಯು ಡಾಕ್ಟರಿಗೆ ನಮ್ಮ ಉತ್ತರ

ಹಾಗಾದರೆ ಐಸಿಯು ಡಾಕ್ಟರ ನೋವಿಗೆ ಉತ್ತರವೇನು? ಸತ್ತವರು ನಿಜ, ಅವರನ್ನು ದಾರಿ ತಪ್ಪಿಸಿದವರೂ ನಿಜ. ಆದರೆ ಹಳೆಯ ಆಯುಧಗಳು ಮೊಂಡಾಗಿಲ್ಲ. ಇದೇ ರಾಜ್ಯದಲ್ಲಿ ಲಸಿಕೆಯ ವೇಳಾಪಟ್ಟಿಯನ್ನು ಟೀಕಿಸಿ ಪುಸ್ತಕ ಬರೆದು ಹೆಸರಾದ ಮಕ್ಕಳ ಡಾಕ್ಟರೊಬ್ಬರಿಗೆ 2018ರಲ್ಲಿ ಬೋರ್ಡು 35 ತಿಂಗಳ ಪ್ರೊಬೇಷನ್ ಹಾಕಿತು. ಪುಸ್ತಕ ಬರೆದದ್ದಕ್ಕಲ್ಲ, ಒಂದು ಮಗುವಿನ ಹಿಂದಿನ ವೈದ್ಯಕೀಯ ವಿವರಗಳನ್ನೇ ತರಿಸಿ ನೋಡದೆ, ಲಸಿಕೆ ಬೇಡವೆಂದು ಪತ್ರ ಬರೆದುಕೊಟ್ಟದ್ದಕ್ಕೆ. ರೋಗಿಯನ್ನು ಪರೀಕ್ಷಿಸದೆ ಮಾತ್ರೆ ಬರೆದರೆ, ಹಣಕ್ಕಾಗಿ ಸುಳ್ಳು ಹೇಳಿದರೆ, ಗೊತ್ತಿದ್ದೂ ಮೋಸ ಮಾಡಿದರೆ ಶಿಕ್ಷಿಸಲು ಇಂದಿಗೂ ಕಾನೂನಿದೆ. ಬೋರ್ಡುಗಳು ಅದನ್ನು ತಡಮಾಡದೆ ಬಳಸಲಿ ಎಂದು ಐಸಿಯು ಡಾಕ್ಟರು ಕೇಳಿದರೆ ನಮ್ಮ ಕೈಯೂ ಮೇಲೇಳುತ್ತದೆ.

ಆದರೆ ಒಮ್ಮತಕ್ಕೆ ಕಾನೂನಿನ ಬೀಗ ಹಾಕುವುದು ಬೇರೆ. ತೊಂಬತ್ತರ ದಶಕಕ್ಕೆ ಮುಂಚೆ ಇಲ್ಲಿ ಹೆತ್ತ ತಾಯಂದಿರನ್ನು ಕೇಳಿ. ಕೂಸನ್ನು ಬೋರಲು ಮಲಗಿಸಿ ಎಂದು ಎಷ್ಟೋ ಡಾಕ್ಟರು ಹೇಳುತ್ತಿದ್ದರು, ಪ್ರಸಿದ್ಧ ಪುಸ್ತಕಗಳೂ ಹಾಗೆಯೇ ಬರೆದಿದ್ದವು. ನಿದ್ದೆಯಲ್ಲೇ ತೀರಿಹೋಗುವ ಕೂಸುಗಳಿಗೂ ಬೋರಲು ಮಲಗಿಸುವುದಕ್ಕೂ ಸಂಬಂಧವಿದೆ ಎಂದು ಕೆಲವರು ಹಟ ಹಿಡಿದು ಹೇಳಿದರು. 1992ರಲ್ಲಿ ಮಕ್ಕಳ ವೈದ್ಯರ ಅಕಾಡೆಮಿ ಸಲಹೆ ಬದಲಿಸಿತು, 1994ರಲ್ಲಿ ಅಂಗಾತ ಮಲಗಿಸಿ ಎಂಬ ರಾಷ್ಟ್ರೀಯ ಪ್ರಚಾರ ಶುರುವಾಯಿತು. ಹತ್ತು ವರ್ಷದಲ್ಲಿ ಅಂಥ ಸಾವಿನ ಪ್ರಮಾಣ ಸುಮಾರು ಅರ್ಧಕ್ಕೆ ಇಳಿಯಿತು. ಹಳೆಯ ಒಮ್ಮತವನ್ನು ಮೀರಿ ಮಾತಾಡುವುದು ಲೈಸೆನ್ಸ್ ಕಳೆಯುವ ಅಪರಾಧವಾಗಿದ್ದರೆ ಆ ಬದಲಾವಣೆ ಎಷ್ಟು ವರ್ಷ ತಡವಾಗುತ್ತಿತ್ತು, ಎಷ್ಟು ತೊಟ್ಟಿಲು ಬರಿದಾಗುತ್ತಿದ್ದವು?

ಅವತ್ತು ರಾತ್ರಿ ಫೋನಿನಲ್ಲಿ ನಮ್ಮ ಡಾಕ್ಟರು ಹೇಳಿದ ಮಾತು ಎರಡೂ ಸರ್ಕಾರಗಳ ಪಟ್ಟಿಗೆ ಸರಿಯಾಗಿ ಹೊಂದುತ್ತಿರಲಿಲ್ಲ. ಅಲ್ಲಿಯ ಪಟ್ಟಿ ಕೊಡಬಹುದೆಂದಿತ್ತು, ಅವರು ಆಧಾರ ಕಾಣದು ಎಂದರು. ಇಲ್ಲಿಯವರು ಬೇಡವೇ ಬೇಡ ಎನ್ನುತ್ತಿದ್ದರು, ಅವರು ದೊಡ್ಡ ಅಪಾಯ ಕಾಣದು ಎಂದರು. ಮಾತ್ರೆಯಿಂದ ಪ್ರಯೋಜನವಿಲ್ಲ ಎಂದು ಮುಂದೆ ದೊಡ್ಡ ಪರೀಕ್ಷೆಗಳು ತೋರಿಸಿದವು. ಆದರೆ ಆ ರಾತ್ರಿ ಚಿಕ್ಕಪ್ಪನಿಗೆ ಬೇಕಾಗಿದ್ದದ್ದು ತನಗೆ ಗೊತ್ತಿರುವುದೆಷ್ಟು, ಗೊತ್ತಿಲ್ಲದ್ದೆಷ್ಟು ಎಂದು ಅಂಜದೆ ಹೇಳುವ ಒಬ್ಬ ಡಾಕ್ಟರು. ಮಾತ್ರೆಯ ವಿಷಯದಲ್ಲಿ ತನ್ನನ್ನು ಬೈಯದೆ ಉತ್ತರ ಹೇಳಿದರೆಂದೇ ಅವರು ಆಕ್ಸಿಮೀಟರಿನ ಮಾತನ್ನೂ ಕೇಳಿದರು. ಇದನ್ನು ಅವರೇ ಆಮೇಲೆ ನಮಗೆ ಹೇಳಿದ್ದು.

ಈ ಬಾರಿಯ ಯುಗಾದಿ ಊಟದಲ್ಲಿ ಆ ಇಬ್ಬರು ಡಾಕ್ಟರೂ ಮತ್ತೆ ಒಂದೇ ಮೇಜಿಗೆ ಸಿಗುತ್ತಾರೆ. ಇಬ್ಬರಿಗೂ ಈ ಲೇಖನದ ಪ್ರತಿ ಮೊದಲೇ ಕೊಟ್ಟಿದ್ದೇವೆ. ಐಸಿಯು ಡಾಕ್ಟರು "ನಾನು ಪೂರ್ತಿ ಒಪ್ಪಲ್ಲ, ಮುಂದಿನ ಸಂಚಿಕೆಗೆ ಉತ್ತರ ಬರೀತೀನಿ" ಎಂದಿದ್ದಾರೆ. ಬರೆಯಲಿ, ಒಂದಕ್ಷರ ಬಿಡದೆ ಅಚ್ಚುಹಾಕುತ್ತೇವೆ. ನೀವೂ ಬರೆಯಿರಿ. ಅಲ್ಲಿಯವರೆಗೆ ಒಂದೇ ಕೋರಿಕೆ: ಬಾತಿನ ಪಾತ್ರೆಯ ಹತ್ತಿರ ಡಾಕ್ಟರು ಕಂಡರೆ, ಮೊದಲು ಅವರಿಗೆ ಊಟ ಮಾಡಲು ಬಿಡಿ.